ಸಿದ್ದರಾಯನ ಕುರಿಗಳು ಮತ್ತು ಮೇರೆ ಕಾಯದ ಯಂತ್ರ

ಕುರಿಗೆ ಸಿಡುಬು ಬಂತೆಂದರೆ ಸಾಕಿದವರ ಎದೆ ಒಡೆಯುತ್ತದೆ. ಹಾಗಾಗಬಾರದೆಂದೇ ಬಬಲೇಶ್ವರದ ಸಿದ್ದರಾಯ 1978ರ ಬೇಸಿಗೆಯಲ್ಲಿ ಇಡೀ ಹಿಂಡಿಗೆ ಲಸಿಕೆ ಹಾಕಿಸಿದ. ಆದರೂ ಸಿಡುಬು ಬಂದು ಹಿಂಡು ಸತ್ತಿತು. ಲಸಿಕೆಯೇ ಕೆಟ್ಟಿತ್ತು.

ಅದು ಬಂದದ್ದು ಬಿಜಾಪುರದ ಸ್ಟೇಷನ್ ರಸ್ತೆಯ ಒಂದು ಕೋಲ್ಡ್ ಸ್ಟೋರೇಜಿನಿಂದ. ಅಲ್ಲಿ ತಂಪು ಕಾಯಲು ಹೊಸದಾಗಿ ಕಂಪ್ಯೂಟರ್ ಕೂಡಿಸಿದ್ದರು. ಅದರೊಳಗಿನ ಬೇರೆಲ್ಲ ಪ್ರೋಗ್ರಾಂಗಳನ್ನು ಆಳುವ ಮೂಲ ಪ್ರೋಗ್ರಾಂ ಬರೆದವನು ಸಿದ್ದರಾಯನ ಅಕ್ಕನ ಮಗ ರಾಮಲಿಂಗ. ಊರಿಗೆಲ್ಲ ಹೆಮ್ಮೆಯಾಗಿತ್ತು.

ಅವನ ಜೊತೆ ಕೆಲಸ ಮಾಡುವ ಕಾಶಿಬಾಯಿ ಪುಣೆಯಲ್ಲಿ ಕಲಿತವಳು. ಅವಳು ಮೊದಲೇ ಹೇಳಿದ್ದಳು: ಯಂತ್ರದ ನೆನಪಿನಲ್ಲಿ ಒಂದೊಂದು ವಿಷಯಕ್ಕೂ ಒಂದೊಂದು ಜಾಗವಿರುತ್ತದೆ, ಆ ಜಾಗ ಮೀರಿ ಬರೆಯಹೋದರೆ ತಡೆಯುವ ಪಾಸ್ಕಲ್‌ನಂಥ ಭಾಷೆಯಲ್ಲಿ ಬರೆಯೋಣ ಎಂದು. ಪ್ರತಿ ಸಲ ಅಳತೆ ನೋಡುತ್ತ ಕುಳಿತರೆ ಯಂತ್ರ ನಿಧಾನವಾಗುತ್ತದೆ ಎಂದು ರಾಮಲಿಂಗ ನಕ್ಕಿದ್ದ.

“ನಾ ಹುಷಾರಿಲೆ ಬರೀತೇನಿ ಬಿಡ್ರಿ. ನನ್ನ ಕೈ ತಪ್ಪೂದಿಲ್ಲ.”

ಒಂದು ಸಂಜೆ ಕೋಲ್ಡ್ ಸ್ಟೋರೇಜಿನ ಗುಮಾಸ್ತ ಶಂಕ್ರೆಪ್ಪ, ಸರಕು ಇಡಲು ಬಂದ ಜೋರಾಪುರ ಪೇಟೆಯ ಹಿರಿಯ ವ್ಯಾಪಾರಿ ಬಸಗೊಂಡಪ್ಪನವರ ಹೆಸರನ್ನು ಯಂತ್ರದಲ್ಲಿ ಟೈಪ್ ಹೊಡೆದ. ದೊಡ್ಡವರ ಹೆಸರನ್ನು ಬರಿದೇ ಹೊಡೆಯಲು ಮನಸ್ಸು ಒಪ್ಪದೆ ಮುಂದೆ ‘ಸಾವಕಾರ್ರು’ ಎಂದೂ ಸೇರಿಸಿದ. ಹೆಸರು ತನ್ನ ಜಾಗ ತುಂಬಿ ಪಕ್ಕದ ಜಾಗಕ್ಕೆ ಹರಿಯಿತು. ಪಕ್ಕದಲ್ಲಿದ್ದದ್ದು ಕೋಣೆಯನ್ನು ಎಷ್ಟು ತಂಪಾಗಿಡಬೇಕೆಂಬ ಅಳತೆ, ಅದು ಅಳಿಸಿಹೋಯಿತು. ಮೂಲ ಪ್ರೋಗ್ರಾಂ ತಡೆಯಲಿಲ್ಲ. ಕೋಣೆ ಬಿಸಿಯಾಯಿತು. ಬೆಳಿಗ್ಗೆ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ತಂಪು ಮರಳಿತು, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ. ಕೆಟ್ಟ ಲಸಿಕೆ ಬಬಲೇಶ್ವರಕ್ಕೆ ಹೋಯಿತು.

ಕುರಿಗಳು ಸತ್ತ ಮೇಲೆ ಕಾಶಿಬಾಯಿ ಹುಡುಕಿ ಇದನ್ನೆಲ್ಲ ಬಿಡಿಸಿದಳು. ಅವಳೂ ರಾಮಲಿಂಗನೂ ಸಿದ್ದರಾಯನ ಮನೆಗೆ ಹೋದರು. ಬರಿದಾದ ದೊಡ್ಡಿಯ ಮುಂದೆ ಅವನು ಕುಳಿತಿದ್ದ. ಶಂಕ್ರೆಪ್ಪ ಉದ್ದ ಹೆಸರು ಹೊಡೆದದ್ದೇ ತಪ್ಪು ಎಂದ ರಾಮಲಿಂಗ.

“ದೊಡ್ಡವರ ಹೆಸರ ಬರೇ ಹೊಡಿಯಾಕ ಆಕ್ಕೈತೇನೋ ಯಪ್ಪಾ?” ಎಂದ ಸಿದ್ದರಾಯ. “ನೀ ಆದ್ರೂ ಹಂಗ ಹೊಡೀತಿದ್ದಿ.”

“ಮಂದಿ ಹಿಂಗ ಬರೀತಾರ್ರಿ,” ಎಂದಳು ಕಾಶಿಬಾಯಿ. “ಭಾಷಾನ ಮೇರಿ ಕಾಯಬೇಕಾಗಿತ್ತು.”

ರಾಮಲಿಂಗ ತಲೆ ತಗ್ಗಿಸಿದ. ಇಡೀ ಮೂಲ ಪ್ರೋಗ್ರಾಂ ಅಳಿಸಿ ಅವಳು ಹೇಳಿದ ಭಾಷೆಯಲ್ಲೇ ಬರೆಯುತ್ತೇನೆ ಮಾಮಾ ಎಂದ.

“ಬರಿ,” ಎಂದ ಸಿದ್ದರಾಯ. “ನನ್ನ ಕುರಿ ಎದ್ದು ಬರೂದಿಲ್ಲ.”

ಯಂತ್ರಗಳಿಗೆ ಮೂಲ ಪ್ರೋಗ್ರಾಂ ಬರೆಯುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಕೈ ಎಷ್ಟೇ ಹುಷಾರಿರಲಿ, ಮೇರೆ ಮೀರಲು ಬಿಡದ ಭಾಷೆಯಲ್ಲೇ ಬರೆಯಿರಿ. ತುಸು ನಿಧಾನವಾದರೆ ಆಗಲಿ. ನಿಮ್ಮ ತಪ್ಪಿಗೆ ಸಾಯುವುದು ನಿಮ್ಮ ಮನೆಯ ದನ-ಕರುವಲ್ಲ. ಸಿದ್ದರಾಯ ಈಗ ಬೇರೆಯವರ ಕುರಿ ಕಾಯುತ್ತಾನೆ.