ಮೂಟೆಯ ಮೇಲೊಂದು ದುಪ್ಪಟಿ

"ಏ ದರಿದ್ರ ಮುಂಡೇವಾ! ಸರ್ವೆಯವ್ನು ಮೂಲೆ ಮನೆಗೆ ಬಂದಾಯ್ತು, ಮೂಟೆ ಇನ್ನೂ ಬಾಗ್ಲಲ್ಲೇ ಬಿದ್ದಿದ್ಯಲ್ಲ! ಒಳಗೆ ಎಳ್ಕೊಂಡು ಏನಾದ್ರೂ ಮುಚ್ರೇ!"

ಮೇಸ್ತ್ರಿ ಬಾಯಿ ಬಿಟ್ಟನೆಂದರೆ ವಠಾರದ ಹನ್ನೊಂದು ಮನೆಗೂ ಕೇಳಬೇಕು. ಮನೆಗಳೂ ಅವನವೇ, ಮೂಟೆಗಳೂ ಅವನ ಕೈಯಿಂದಲೇ ಬರುವವು. ಕಾರ್ಖಾನೆಯಲ್ಲಿ ಹೊಲಿದ ಅಂಗಿಗಳನ್ನು ತಂದು ಹಾಕುತ್ತಾನೆ. ಹೆಂಗಸರು ಗುಂಡಿ ಹೊಲಿದು, ನೂಲು ಕತ್ತರಿಸಿ, ಮಡಚಿ ಕೊಡುತ್ತಾರೆ. ಆದರೆ ಕಾರ್ಖಾನೆಯ ಪುಸ್ತಕದಲ್ಲಿ ಇವರ ಹೆಸರಿಲ್ಲ. ಇರಲೂ ಕೂಡದು. ಹೊರಗಿನವನು ಯಾರಾದರೂ ಬಂದರೆ ಮೂಟೆಗಳು ಮಾಯವಾಗಬೇಕು, ಅದು ವಠಾರದ ಕಾನೂನು.

ಗುಂಡಿಯಕ್ಕ ಬಾಯಲ್ಲಿದ್ದ ನೂಲನ್ನು ಉಗಿದು ಎದ್ದಳು. ಆರನೇ ಮನೆ ಅವಳದು. ಹದಿನಾಲ್ಕು ವರ್ಷ ಗುಂಡಿ ಹೊಲಿದು ಹೊಲಿದು ಸ್ವಂತ ಹೆಸರೇ ಕಳೆದುಹೋಗಿತ್ತು. ಮೂಟೆಯನ್ನು ಗೋಡೆಗೆ ಒತ್ತಿ, ಮೇಲೊಂದು ದುಪ್ಪಟಿ ಹೊದಿಸಿದಳು. ನೋಡಿದವರಿಗೆ ಒಳ್ಳೇ ಕೂರುವ ಜಾಗ.

"ಹೋದ್ಸಲ ಹೇಳಿದ್ದೇ ಹೇಳು, ತಿಳೀತಾ?" ಮೇಸ್ತ್ರಿ ಬಾಗಿಲಲ್ಲಿ ತಲೆ ತೂರಿಸಿದ. "ಸ್ವಂತ ಮನೆಗೆಲ್ಸ, ಅಷ್ಟೇ. ನಾಲಿಗೆ ಉದ್ದ ಮಾಡಿದ್ರೆ ನಾಳೆಯಿಂದ ಮೂಟೆ ಇಲ್ಲ. ಆಮೇಲೆ ನಿನ್ನ ಗಂಡನ ಮೀಸೆ ಹೊಲ್ಕೊಂಡು ಕೂತ್ಕೋ."

ಹೋದ ಸಲ ಅವಳು ಹಾಗೇ ಹೇಳಿದ್ದಳು. ಮೂರು ತಿಂಗಳಿಗೊಮ್ಮೆ ಬರುವ ಈ ಸರ್ವೆ, ದೇಶದಲ್ಲಿ ಎಷ್ಟು ಜನಕ್ಕೆ ಕೆಲಸ ಇದೆ, ಎಷ್ಟು ಜನಕ್ಕೆ ಇಲ್ಲ ಎಂದು ಲೆಕ್ಕ ಹಾಕುವುದಕ್ಕಂತೆ. ಹಾಕಿಕೊಳ್ಳಲಿ, ನಮ್ಮಪ್ಪನ ಗಂಟೇನು ಹೋಗುತ್ತೆ ಎಂದು ಹನ್ನೊಂದು ಮನೆಯ ಹೆಂಗಸರೂ "ಮನೆಗೆಲ್ಸ" ಎಂದಿದ್ದರು.

ಆಮೇಲೆ ಹೋದದ್ದು ಅತ್ತೆಯ ಬೆರಳು. ತುಕ್ಕು ಹಿಡಿದ ಸೂಜಿ ಎಡಗೈಯ ತೋರುಬೆರಳಿಗೆ ಚುಚ್ಚಿ ಒಳಗೇ ಮುರಿದಿತ್ತು. ಮೂಟೆ ಮುಗಿಸುವ ಗಡಿಬಿಡಿಯಲ್ಲಿ ಮುದುಕಿ ಬಟ್ಟೆ ಸುತ್ತಿಕೊಂಡು ನಾಲ್ಕು ದಿನ ಹೊಲಿದಳು. ಐದನೇ ದಿನ ಬೆರಳು ಬದನೆಕಾಯಿಯಂತೆ ಊದಿತು. ಆಸ್ಪತ್ರೆಯಲ್ಲಿ ಬುಡದವರೆಗೂ ಕತ್ತರಿಸಿದರು. ಸೊಸೆ ಅವಳನ್ನು ಕರೆದುಕೊಂಡು ಪರಿಹಾರ ಕೇಳಲು ಕಾರ್ಮಿಕ ಇಲಾಖೆಯ ಕಚೇರಿಗೆ ಹೋದಳು. ಮೇಸ್ತ್ರಿ ಅವರಿಗಿಂತ ಮೊದಲೇ ಹೋಗಿ ಸಾಹೇಬನ ಎದುರು ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಸರ್ವೆಯವ್ರಿಗೆ ಮನೆಗೆಲ್ಸ ಅಂತ ನೀವೇ ಹೇಳಿದ್ದೀರಂತಲ್ಲ," ಎಂದಿದ್ದ ಸಾಹೇಬ. "ಕೆಲ್ಸಾನೇ ಇಲ್ದೋಳಿಗೆ ಕೆಲ್ಸದಲ್ಲಿ ಬೆರಳು ಹೆಂಗಮ್ಮಾ ಹೋಗುತ್ತೆ? ತರಕಾರಿ ಹೆಚ್ವಾಗ ಕೊಯ್ಕೊಂಡಿರ್ತಾಳೆ." ಇಬ್ಬರೂ ನಕ್ಕರು. ಕೊನೆಗೆ, ಪೀಡೆ ತೊಲಗಲಿ ಎಂಬಂತೆ, "ಕೆಲ್ಸ ಮಾಡ್ತೀವಿ ಅಂತ ಎಲ್ಲಾದ್ರೂ ಬರ್ದಿದ್ರೆ ತಗೊಂಬಾ, ನೋಡೋಣ," ಎಂದ.

ಆ ಮಾತನ್ನು ಗುಂಡಿಯಕ್ಕ ಸೆರಗಿಗೆ ಗಂಟು ಹಾಕಿಕೊಂಡಿದ್ದಳು. ಬರೆಯುವವನು ಇವತ್ತು ಮನೆಬಾಗಿಲಿಗೇ ಬರುತ್ತಿದ್ದ.

ಬಂದ. ಬೆವರಿ ಒದ್ದೆಯಾದ ಬಡಕಲು ಮನುಷ್ಯ, ಕೈಯಲ್ಲೊಂದು ಟ್ಯಾಬು. ಮೇಸ್ತ್ರಿ ಬೆನ್ನಿಗೇ ಬಂದು ಬಾಗಿಲಿಗೆ ಅಡ್ಡ ನಿಂತ. ಆಗತಾನೇ ಕೂಲಿಕಟ್ಟೆಯಿಂದ ಬರಿಗೈಯಲ್ಲಿ ಬಂದಿದ್ದ ಗಂಡ ಮೂಲೆಯಲ್ಲಿ ಮುದುಡಿದ್ದ. ಸರ್ವೆಯವನು ಉಸ್ಸೆಂದು ಮೂಟೆಯ ಮೇಲೆ ಕೂತ.

"ಯಜಮಾನ್ರೇ, ಕಳೆದ ಏಳು ದಿನದಲ್ಲಿ ಏನಾದ್ರೂ ಕೆಲ್ಸ ಮಾಡಿದ್ರಾ? ಒಂದು ಗಂಟೆ ಆದ್ರೂ?"

"ಮೊನ್ನೆ ಒಂದು ಗಾಡಿ ಟೈಲ್ಸ್ ಇಳಿಸ್ದೆ. ಒಂದ್ ಗಂಟೆ ಆಗಿರ್ಬೋದು."

"ಹಾಗಿದ್ರೆ ಕೆಲ್ಸ ಇದೆ." ಬೆರಳು ಟ್ಯಾಬಿನ ಮೇಲೆ ಟಕ್ಕೆಂದಿತು.

"ಕೆಲ್ಸ ಇದ್ಯಾ?" ಗಂಡನಿಗೆ ನಗು ಬಂತು. "ದಿನಾ ಬೆಳಗಾದ್ರೆ ಕಟ್ಟೆಲಿ ನಿಲ್ತೀನಲ್ಲ ಸಾರ್, ಕಾಲು ಮರ ಆಗೋವರ್ಗೂ. ಅದಕ್ಕೇನು?"

"ಅದೂ ಕೇಳ್ತೀವಿ ಅಣ್ಣಾ, ಬರ್ಕೋತೀವಿ. ಆದ್ರೂ ಒಂದು ಗಂಟೆ ಮಾಡಿದ್ರೆ ಕೆಲ್ಸ ಇದ್ದೋರ ಸಾಲಿಗೇ ಸೇರ್ಸೋದು. ನಾನು ಮಾಡಿದ ನಿಯಮ ಅಲ್ಲ ಇದು." ಅವನ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಅಕ್ಕಾ, ನಿಮ್ದು ಹೋದ್ಸಲದ್ದೇ ತಾನೆ? ಮನೆಗೆಲ್ಸ?"

ಮೇಸ್ತ್ರಿ ಕೆಮ್ಮಿದ. ಗಂಡ ನೆಲ ನೋಡಿದ. ಅತ್ತೆ ಒಲೆಯ ಪಕ್ಕದಲ್ಲಿ ಎಡಗೈಯನ್ನು ಸೆರಗಿನಡಿ ಇಟ್ಟುಕೊಂಡು ಕೂತಿದ್ದಳು. ಗುಂಡಿಯಕ್ಕನಿಗೆ ಹೆದರಿಕೆಯಾಗಿತ್ತು. ಈ ಮೂಟೆ ಹೋದರೆ ಒಲೆಗೆ ಬೇರೆ ದಾರಿಯಿಲ್ಲ. ಆದರೆ ಹೆದರಿ ಹೆದರಿಯೂ ಸಾಕಾಗಿತ್ತು.

"ಸ್ವಲ್ಪ ಏಳಪ್ಪಾ," ಎಂದಳು.

ಅವನು ಎದ್ದ. ಅವಳು ದುಪ್ಪಟಿ ಎಳೆದು ಬಿಸಾಕಿದಳು.

"ಮುನ್ನೂರು ಅಂಗಿ ಇದೆ. ಒಂದೊಂದಕ್ಕೂ ಒಂಬತ್ತು ಗುಂಡಿ. ನೀನು ಕೂತಿದ್ದು ನನ್ನ ಕೆಲ್ಸದ ಮೇಲೆ. ಬರ್ಕೋ. ದಿನಕ್ಕೆ ಹನ್ನೆರಡು ಗಂಟೆ, ಏಳಕ್ಕೇಳು ದಿನ. ನಮ್ಮತ್ತೇದೂ ಬರ್ಕೋ. ಬೆರಳು ಹೋದ್ಮೇಲೂ ಬಟ್ಟೇನ ಮಂಡಿ ಸಂದೀಲಿ ಕಚ್ಚಿಸ್ಕೊಂಡು ಹೊಲೀತಾಳೆ."

"ಏ ಭೋಸುಡಿ! ಏನೇ ಬೊಗಳ್ತಿದೀಯಾ?" ಮೇಸ್ತ್ರಿ ಒಳಗೆ ನುಗ್ಗಿದ. "ಸಾರ್, ಇವಳ ತಲೆ ಸರಿ ಇಲ್ಲ. ಅದು ಹಳೇ ಬಟ್ಟೆ."

ಅತ್ತೆ ಎದ್ದು ಬಂದಳು. ಮೂಟೆಯಿಂದ ಒಂದು ಅಂಗಿ ಎಳೆದು, ಬೆಲೆಚೀಟಿ ನೇತಾಡುತ್ತಿದ್ದ ಕಾಲರನ್ನು ಸರ್ವೆಯವನ ಮೂಗಿನ ಹತ್ತಿರ ಹಿಡಿದಳು. ಹಿಡಿದ ಕೈಯಲ್ಲಿ ನಾಲ್ಕೇ ಬೆರಳು. "ಹಳೇದಾ ನೋಡು ಮಗಾ," ಎಂದಳು.

ಸರ್ವೆಯವನು ಅಂಗಿ ನೋಡಿದ, ಕೈ ನೋಡಿದ, ಮೇಸ್ತ್ರಿಯನ್ನೂ ನೋಡಿದ. ಮತ್ತೆ ತಲೆ ತಗ್ಗಿಸಿ ಟ್ಯಾಬಿನಲ್ಲಿ ತಿದ್ದಿದ. "ಎಂಬತ್ನಾಲ್ಕು ಗಂಟೆ," ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಅಜ್ಜಿದೆಷ್ಟು?"

ಎರಡೂ ಹೆಸರನ್ನು ಕೆಲಸ ಇದ್ದವರ ಸಾಲಿಗೆ ಸೇರಿಸಿದ. ಗುಂಡಿಯಕ್ಕನ ಉಸಿರು ಕೆಳಗಿಳಿಯಿತು. "ಈಗ ಅದನ್ನೇ ಒಂದು ಚೀಟಿಲಿ ಬರ್ದು ಕೊಡಪ್ಪಾ. ಕಚೇರಿಲಿ ತೋರಿಸ್ಬೇಕು."

ಅವನ ಮುಖ ಬಾಡಿತು. "ಚೀಟಿ ಕೊಡೋ ಹಾಗಿಲ್ಲ ಅಕ್ಕಾ. ಯಾರ ಮನೆದು, ಯಾರು ಹೇಳಿದ್ದು ಅಂತ ಯಾರಿಗೂ ತೋರಿಸೋ ಹಾಗಿಲ್ಲ. ಎಲ್ಲಾರದೂ ಸೇರಿಸಿ ಒಂದೇ ಲೆಕ್ಕ. ಅದರಲ್ಲಿ ನೀವೂ ಇರ್ತೀರಿ."

"ಇರ್ತೀನಿ. ಆದ್ರೆ ಕಾಣಲ್ಲ."

ಮೇಸ್ತ್ರಿ ಹೊಟ್ಟೆ ಕುಣಿಸಿ ನಕ್ಕ. ಆಮೇಲೆ ತಾನೇ ಮೂಟೆಯ ಜುಟ್ಟು ಹಿಡಿದು ದರದರ ಎಳೆದು ಅಂಗಳಕ್ಕೆ ಹಾಕಿದ. "ಚೀಟಿ ಬೇಕಂತೆ ಮಹಾರಾಣಿಗೆ! ಇನ್ನು ನಿಂಗೆ ಒಂದು ಗುಂಡಿ ಕೊಟ್ರೆ ನನ್ನ ಹೆಸರು ಬದಲಾಯಿಸ್ತೀನಿ."

ಗುಂಡಿಯಕ್ಕನ ಕಣ್ಣು ತುಂಬಿತು, ಸೆರಗಿನಿಂದ ಒರೆಸಿಕೊಂಡಳು. "ನೋಡಿದ್ಯಲ್ಲಪ್ಪ. ನಿನ್ನೆದುರಿಗೇ ಕೆಲ್ಸ ಹೋಯ್ತು. ಅದನ್ನಾದ್ರೂ ಬರ್ಕೋ."

"ನಾನು ಕೇಳೋದು ಕಳೆದ ಏಳು ದಿನದ್ದು ಅಕ್ಕಾ. ಲೆಕ್ಕಕ್ಕೆ ನಿಮಗೆ ಕೆಲ್ಸ ಇದೆ. ಇದು ಮೂರು ತಿಂಗಳಾದ್ಮೇಲೆ, ಮುಂದಿನ ಸಲ..." ಎಂದು ಅರ್ಧಕ್ಕೇ ನಿಲ್ಲಿಸಿದ. ಕೈಮುಗಿಯಬೇಕೋ ಬೇಡವೋ ಗೊತ್ತಾಗದೆ ಚೀಲ ಹೆಗಲಿಗೇರಿಸಿ ಏಳನೇ ಮನೆಗೆ ಹೋದ. ಮೇಸ್ತ್ರಿಯೂ ಹಿಂದೆಯೇ ಹೋದ.

ಅತ್ತೆ ಹೊಸ್ತಿಲ ಮೇಲೆ ಕೂತಳು. ಕೈಯಲ್ಲಿ ಆ ಒಂದು ಅಂಗಿ ಉಳಿದುಬಿಟ್ಟಿತ್ತು. "ಕೊಟ್ಬಿಡ್ಲೇನೇ?" ಎಂದು ಕೇಳಿದಳು. "ಇರ್ಲಿ ಬಿಡಿ ಅತ್ತೆ, ಬಂದು ಕಿತ್ಕೊಳ್ಳಲಿ," ಎಂದಳು ಸೊಸೆ.

ಏಳನೇ ಮನೆ ಬಸುರಿ ಹುಡುಗಿಯದು. ಗೋಡೆಯಾಚೆಗೆ ಎಲ್ಲವೂ ಕೇಳಿತ್ತು. ತೆರೆದ ಬಾಗಿಲಿನಿಂದ ಅವಳೂ ಕಾಣುತ್ತಿದ್ದಳು, ಅವಳ ಹಿಂದೆ ಚಾದರ ಹೊದ್ದ ಮೂಟೆಯೂ ಕಾಣುತ್ತಿತ್ತು. ಅವಳು ಒಮ್ಮೆ ಅಂಗಳದಲ್ಲಿ ಬಿದ್ದ ಮೂಟೆಯನ್ನು ನೋಡಿದಳು, ಒಮ್ಮೆ ಮೇಸ್ತ್ರಿಯ ಮುಖ ನೋಡಿದಳು.

"ನಿಮ್ದೂ ಮನೆಗೆಲ್ಸ ತಾನೆ ತಾಯೀ?" ಸರ್ವೆಯವನು ಅಭ್ಯಾಸಬಲದಿಂದ ಮೂಟೆಯ ಮೇಲೆ ಕೂರಲು ಬಗ್ಗಿದ.

ಹುಡುಗಿ ಚಾದರದ ತುದಿಗೆ ಕೈ ಹಾಕಿದಳು.

"ಅಲ್ಲಿ ಕೂರ್ಬೇಡಿ ಸಾರ್," ಎಂದಳು. "ಸೂಜಿ ಇದೆ."