ಎಣ್ಣೆಜಿಡ್ಡಿನ ಕುರ್ಚಿ

ನಾನೊಂದು ಆರಾಮ ಕುರ್ಚಿ. ಧಾರವಾಡದ ಈರಪ್ಪ ಬಡಿಗೇರರು ಸಾಗವಾನಿಯಲ್ಲಿ ನನ್ನನ್ನು ಮಾಡಿ, ಪಟ್ಟೆಪಟ್ಟೆಯ ದಪ್ಪ ಅರಿವೆ ತೊಡಿಸಿದರು. ಸಿಟ್ಟು ನನ್ನ ಹುಟ್ಟುಗುಣ. ಮಡಚಲು ಬಾರದೆ ಕೈಹಾಕಿದವರ ಬೆರಳು ಚಿವುಟದೆ ಬಿಟ್ಟವನಲ್ಲ.

ಡ್ರಾಯಿಂಗ್ ಮಾಸ್ತರ ವಾಮನರಾಯರ ಬೆರಳನ್ನು ಮಾತ್ರ ಎಂದೂ ಚಿವುಟಲಿಲ್ಲ. ಹೆಂಡತಿ ಕೃಷ್ಣಾಬಾಯಿ ಮೆಂತ್ಯ ಹಾಕಿ ಕಾಯಿಸಿದ ಕೊಬ್ಬರಿ ಎಣ್ಣೆಯನ್ನು ತಲೆಗೆ ತಟ್ಟಿಕೊಂಡು ಅವರು ದಿನಾ ನನ್ನ ಮೇಲೆ ಒರಗುತ್ತಿದ್ದರು. "ಅರಿವಿ ಜಿಡ್ಡಾತು, ಒಗೀಲೇನು?" ಎಂದು ಕೃಷ್ಣಾಬಾಯಿ ಗೊಣಗುತ್ತಿದ್ದರು. ರಾಯರು ತೀರಿಕೊಂಡ ಮೇಲೆ ಆ ಮಾತು ನಿಂತಿತು. ಸಂಜೆಯಾದರೆ ಬಾಗಿಲು ಮುಂದಕ್ಕೆಳೆದು, ಆ ಜಿಡ್ಡಿನ ಕಲೆಗೆ ಮೂಗು ಒತ್ತಿ ಕೂರುತ್ತಿದ್ದರು. ಗಂಡನೆಂದು ಅವರಿಗೆ ಉಳಿದದ್ದು ಆ ವಾಸನೆ ಒಂದೇ.

ಅಷ್ಟರಲ್ಲಿ ಅದೇ ಓಣಿಯ ಚಿನ್ಮಯ ವಕ್ಕರಿಸಿದ. ಕಿರುಚಿತ್ರ ಮಾಡುತ್ತಾನಂತೆ.

"ಪ್ರೀತಿ ಮಾಡಿದವ್ರನ್ನ ಬಿಟ್ಟುಕೊಡೋದರ ಮ್ಯಾಲೆ ಚಿತ್ರ ಅಜ್ಜಿ. ನಿಮ್ಮ ಕುರ್ಚಿ ಎರಡು ದಿನ ಬೇಕಾಗಿತ್ತರಿ."

ಮೀಸೆ ನೆಟ್ಟಗೆ ಮೂಡದ ಇವನಿಗೆ ಬಿಟ್ಟುಕೊಡುವುದರ ಬಗ್ಗೆ ಏನು ಗೊತ್ತು? ವಾಸನೆಯ ವಿಷಯ ಬಾಯಿಬಿಟ್ಟು ಹೇಳಲು ಕೃಷ್ಣಾಬಾಯಿಗೆ ನಾಚಿಕೆ. "ಜ್ವಾಕಿ ಮಾಡಪಾ" ಎಂದಷ್ಟೇ ಅಂದರು.

ಚಿನ್ಮಯನ ಕಡೆಯವರು ಜ್ವಾಕಿಯನ್ನೇ ಮಾಡಿದರು. ಅರಿವೆ ಬಿಚ್ಚಿ, ಬಿಸಿನೀರಿನಲ್ಲಿ ನೆನೆಹಾಕಿ, ಸೋಪು ಹಚ್ಚಿ ತಿಕ್ಕಿ ಬಿಸಿಲಿಗೆ ಒಣಹಾಕಿದರು. ಶೂಟಿಂಗಿನಲ್ಲಿ ಒಬ್ಬಳು ಕಣ್ಣಿಗೆ ಗ್ಲಿಸರಿನ್ ಹಚ್ಚಿಕೊಂಡು ನನ್ನನ್ನು ತಬ್ಬಿ ಅತ್ತಳು. ಮಡಚುವಾಗ ಚಿನ್ಮಯನ ಬೆರಳನ್ನು ರಕ್ತ ಬರುವಂತೆ ಚಿವುಟಿದೆ. ಅಷ್ಟಕ್ಕೆ ಸಮಾಧಾನವಾಗಲಿಲ್ಲ.

ತಿರುಗಿ ತಂದಾಗ ಕೃಷ್ಣಾಬಾಯಿ ನಾಚಿಕೆ ಮರೆತು ಅವನೆದುರಿಗೇ ಬಗ್ಗಿ ಅರಿವೆಗೆ ಮೂಗು ಹಚ್ಚಿದರು. ಇನ್ನೊಮ್ಮೆ ಹಚ್ಚಿದರು.

"ಹೊಲಸ ಕಾಣತಿತ್ತರಿ ಅಜ್ಜಿ, ಸ್ವಚ್ಛ ಒಗದೇವಿ," ಎಂದ ಚಿನ್ಮಯ, ಶಾಭಾಸಿಗೆ ಕಾಯುತ್ತ.

"ಚಲೋ ಆತು." ಸೆರಗಿನಿಂದ ಮುಖ ಒರೆಸಿಕೊಂಡರು. "ಕುರ್ಚಿ ನೀನ ಇಟ್ಕೋಪಾ. ಇದರಾಗ ಈಗ ಅವರಿಲ್ಲ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಈಗ ನಾನು ಚಿನ್ಮಯನ ಸಾಮಾನಿನ ಕೋಣೆಯಲ್ಲಿ, ಪ್ಲಾಸ್ಟಿಕ್ ಹೂಕುಂಡಗಳ ನಡುವೆ ಬಿದ್ದಿದ್ದೇನೆ. ಚಿತ್ರ ನೋಡಿದವರೆಲ್ಲ ಕಣ್ಣೊರೆಸಿಕೊಂಡರಂತೆ. ಒರೆಸಿಕೊಳ್ಳಲಿ. ಆ ಮುಠ್ಠಾಳರು ಒಗೆದದ್ದು ಅರಿವೆಯನ್ನು ಮಾತ್ರ. ಅದರಿಂದ ವರ್ಷಾನುಗಟ್ಟಲೆ ಇಳಿದ ಎಣ್ಣೆ ನನ್ನ ತಲೆಯ ಕಡೆಯ ಕಟ್ಟಿಗೆಯ ಅಡ್ಡಪಟ್ಟಿಯೊಳಗೆ ಇಂಗಿ ಇನ್ನೂ ಘಮ್ಮೆನ್ನುತ್ತದೆ. ಆ ದಿನ ಕೃಷ್ಣಾಬಾಯಿ ಅರಿವೆ ಒಂದಿಷ್ಟು ಸರಿಸಿದ್ದರೆ ಸಾಕಿತ್ತು. ಕಂಡಕಂಡವರ ಬೆರಳು ಚಿವುಟುವ ನನಗೆ ಅವರ ಸೆರಗು ಹಿಡಿದು ನಿಲ್ಲಿಸಲು ಬರಲಿಲ್ಲ.