ಹುಣಸೆಹಣ್ಣಿಗೆ ಯಾವ ಬಣ್ಣ

ಮುನಿಗಂಗಮ್ಮನಿಗೆ ಹೆದರಲು ಕಾರಣ ಬೇಕಿರಲಿಲ್ಲ, ಪುರಸೊತ್ತು ಸಿಕ್ಕರೆ ಸಾಕಿತ್ತು. ಹುಟ್ಟಿ ಬೆಳೆದದ್ದು ಜಕ್ಕೂರಿನಲ್ಲಿ. ಫ್ಲೈಯಿಂಗ್ ಕ್ಲಬ್ಬಿನ ಪುಟ್ಟ ವಿಮಾನ ತಲೆಯ ಮೇಲೆ ಹಾದುಹೋದಾಗಲೆಲ್ಲ ಊರಿನ ಮಕ್ಕಳು ಕೇಕೆ ಹಾಕುತ್ತ ಅದರ ಹಿಂದೆ ಓಡಿದರೆ, ಇವಳು ಅಂಗಳದಲ್ಲಿ ಹಪ್ಪಳ ಒಣಹಾಕಿದ್ದ ಚಾಪೆಯನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ವಿಮಾನ ಬಿದ್ದರೆ ಹಪ್ಪಳವಾದರೂ ಉಳಿಯಲಿ ಎಂದು.

ಇಂಥವಳು ಕೆಮಿಸ್ಟ್ರಿ ತೆಗೆದುಕೊಂಡು ಬಿ.ಎಸ್ಸಿ. ಮುಗಿಸಿ, ಯಶವಂತಪುರದಲ್ಲಿ ಒಂದು ಪ್ಲೇಟಿಂಗ್ ಕಾರ್ಖಾನೆಗೆ ಕೆಮಿಸ್ಟ್ ಆಗಿ ಸೇರಿದಾಗ ಅವಳ ತಾಯಿ ಬೈರಮ್ಮನಿಗೆ ತಲೆಬುಡ ತಿಳಿಯಲಿಲ್ಲ. "ಸೀಮೆಎಣ್ಣೆ ಸ್ಟವ್ ಆರೈತೋ ಇಲ್ವೋ ಅಂತ ಬಸ್‌ಸ್ಟಾಪಿಂದ ವಾಪಸ್ ಬರೋಳು. ಅಲ್ಲೋಗಿ ಇಸ ಕದಡ್ತಾಳಂತೆ!" ಎಂದು ಅಕ್ಕಪಕ್ಕದವರ ಮುಂದೆ ಹೇಳಿಕೊಂಡು ನಗುತ್ತಿದ್ದಳು.

ಕಾರ್ಖಾನೆ ದೊಡ್ಡದೇನಲ್ಲ. ಶೀಟು ಹೊದಿಸಿದ ಒಂದು ಉದ್ದನೆಯ ಶೆಡ್ಡು, ಅದರೊಳಗೆ ಸಾಲಾಗಿ ತೊಟ್ಟಿಗಳು. ಸೈಕಲ್ಲಿನ ಹ್ಯಾಂಡಲ್ಲು, ಬಾಗಿಲ ಹಿಡಿ, ನಲ್ಲಿಯ ತಿರುಪು, ಹೀಗೆ ಕಬ್ಬಿಣದ ಕಪ್ಪು ಸಾಮಾನು ಒಂದು ತುದಿಯಲ್ಲಿ ಮುಳುಗಿದರೆ ಇನ್ನೊಂದು ತುದಿಯಲ್ಲಿ ಮದುಮಗನ ಹಾಗೆ ಹೊಳೆಯುತ್ತ ಏಳುತ್ತಿತ್ತು. ಮೊದಲೆಲ್ಲ ನಿಕ್ಕಲ್ ಮಾತ್ರ ಇತ್ತು. ಆ ವರ್ಷ, ಅಂದರೆ ಎಂಬತ್ತೈದರ ಯುಗಾದಿಗೆ, ಮಾಲೀಕ ಅಪ್ಪಾಸಾಹೇಬರು ತಾಮ್ರದ ಲೇಪ ಕೊಡುವ ಹೊಸ ತೊಟ್ಟಿಯನ್ನೂ ಕೂರಿಸಿದರು. ತಾಮ್ರದ ತೊಟ್ಟಿಗೆ ಸೋಡಿಯಂ ಸೈನೈಡ್ ಬೇಕು. ಸೈನೈಡ್ ಬಂದ ಮೇಲೆ ಕೆಮಿಸ್ಟ್ ಒಬ್ಬರು ಬೇಕು. ಹಾಗೆ ಬಂದವಳು ಮುನಿಗಂಗಮ್ಮ.

ಭೋಪಾಲದ ಅನಾಹುತ ನಡೆದು ವರ್ಷವೂ ತುಂಬಿರಲಿಲ್ಲ. ಕಾರ್ಖಾನೆ ನೋಡಲು ಬಂದ ಇನ್‌ಸ್ಪೆಕ್ಟರು, ಯಾವ ರಾಸಾಯನಿಕ ಎಷ್ಟು ಅಪಾಯ ಎಂದು ವಿಂಗಡಿಸಿ ಕಣ್ಣಿಗೆ ಕಾಣುವಂತೆ ಗುರುತು ಹಾಕಿ ಎಂದು ಹೇಳಿಹೋದರು. ಅಪ್ಪಾಸಾಹೇಬರು ಮೂರು ಡಬ್ಬಿ ಪೇಂಟು ತರಿಸಿ ಅವಳ ಮೇಜಿನ ಮೇಲಿಟ್ಟರು. ಮುಟ್ಟಿದರೆ ಜೀವಕ್ಕೇ ಸಂಚಕಾರ ಎನ್ನುವುದಕ್ಕೆ ಕೆಂಪು. ಹುಷಾರಾಗಿದ್ದರೆ ಸಾಕು ಎನ್ನುವುದಕ್ಕೆ ಹಳದಿ. ಭಯವಿಲ್ಲದ್ದಕ್ಕೆ ಹಸಿರು.

ಸೈನೈಡಿನ ಡ್ರಮ್ಮಿಗೆ ಕೆಂಪು ಬಳಿದಳು. ಆಸಿಡ್ಡಿನ ಜಾಡಿಗಳಿಗೆ ಬಳಿದಳು. ಅಲ್ಲಿಯವರೆಗೆ ಎಲ್ಲ ಸರಿಯಾಗಿತ್ತು. ಆಮೇಲೆ ವಾಷಿಂಗ್ ಸೋಡಾದ ಮೂಟೆ ಬಂತು. ಹಳದಿ ಎಂದು ಬ್ರಷ್ ಅದ್ದಿದಳು. ಯಾರಾದರೂ ಬೆವರು ಒರೆಸಿಕೊಳ್ಳುವಾಗ ಸೋಡಾದ ಕೈಯನ್ನು ಕಣ್ಣಿಗೆ ಹಚ್ಚಿಕೊಂಡರೆ? ಬ್ರಷ್ ತೊಳೆದು ಕೆಂಪಿಗೆ ಅದ್ದಿದಳು. ಸಾಮಾನು ಒಣಗಿಸುವ ಮರದ ಹೊಟ್ಟಿನ ಪೆಟ್ಟಿಗೆ ಹಸಿರು ಅಂದುಕೊಂಡಳು. ಬೀಡಿಯ ಕಿಡಿ ಬಿದ್ದರೆ? ಕೆಂಪು. ಕೊನೆಗೆ ಉಳಿದದ್ದು ನೀರಿನ ಡ್ರಮ್ಮು. ಅದರ ಮುಂದೆ ಬಹಳ ಹೊತ್ತು ನಿಂತಳು.

"ಬಾಯಾರ, ನೀರಿಗೂ ಕೆಂಪು ಹಚ್ಚೀರೇನ್ರೀ?" ಎಂದ ಮೇಸ್ತ್ರಿ ಮುರಿಗೆಪ್ಪ. ಗೋಕಾಕದ ಕಡೆಯವನು, ಅಪ್ಪಾಸಾಹೇಬರ ಜೊತೆಗೇ ಬೆಂಗಳೂರಿಗೆ ಬಂದವನು. ಓದಿದ ಹೆಂಗಸರೆಲ್ಲ ಅವನಿಗೆ 'ಬಾಯಾರು'.

"ಆಸಿಡ್ಡಿಗೆ ನೀರು ಸುರಿದರೆ ಸಿಡಿಯುತ್ತೆ ಮುರಿಗೆಪ್ಪನವರೇ."

"ಸಿಡೀತದ ಖರೆ. ಆದ್ರ ನಾ ಮುಂಜಾನೆಯಿಂದ ಅದನ್ನs ಕುಡ್ಯಾಕತ್ತೇನಲ್ರೀ. ನಾ ಯಾವಾಗ ಸಿಡೀತೀನಿ, ಅದನ್ನಷ್ಟು ಹೇಳ್ರಿ. ಊರಿಗೆ ಕಾಗದ ಹಾಕಬೇಕು."

ಶೆಡ್ಡಿಗೆ ಶೆಡ್ಡೇ ನಕ್ಕಿತು. ಅವಳೂ ನಕ್ಕಳು. ಆದರೂ ಕೆಂಪು ಬಳಿದಳು. ಹಸಿರು ಡಬ್ಬಿಯ ಮುಚ್ಚಳ ತೆಗೆಯಲೇ ಇಲ್ಲ. ಹಸಿರು ಬಳಿಯುವುದೆಂದರೆ 'ಇದರಿಂದ ಏನೂ ಆಗುವುದಿಲ್ಲ' ಎಂದು ಬರೆದುಕೊಟ್ಟ ಹಾಗೆ. ಅಂಥ ಮಾತನ್ನು ಅವಳು ಈವರೆಗೆ ಯಾವುದರ ಬಗ್ಗೆಯೂ ಆಡಿದ್ದಿಲ್ಲ.

ಅಪ್ಪಾಸಾಹೇಬರು ಬಂದು ಸುತ್ತಲೂ ನೋಡಿ, "ಭಾಳ ಛಲೋ ಕಾಣತದ. ಇನ್‌ಸ್ಪೆಕ್ಟರು ಬಾಗಲದಾಗs ಅಂಜಿ ಹೊಳ್ಳಿ ಹೋಗ್ತಾನ" ಎಂದು ಖುಷಿಪಟ್ಟರು.

ಅಂಜಿದವರು ಬೇರೆ ಯಾರೂ ಇರಲಿಲ್ಲ. ಪಿಳ್ಳಪ್ಪ ತನ್ನ ಊಟದ ಡಬ್ಬಿಗೂ ಒಂದು ಕೆಂಪು ಪಟ್ಟಿ ಎಳೆದುಕೊಂಡ. "ನಮ್ಮೆಂಡ್ರು ಮಾಡೋ ಸಾರು ಮೇಡಮ್ಮ, ನೀವು ನೋಡಿದ್ರೆ ನೀವೇ ಬಳೀತಿದ್ರಿ" ಎಂದ. ತಣಿಸಂದ್ರದ ಪಿಳ್ಳಪ್ಪ ಶೆಡ್ಡಿನ ಹಳೆಯ ಆಳು, ಅವಳ ಅಪ್ಪನ ಗೆಳೆಯ ಬೇರೆ. ಅವನ ಬಾಯಿಗೆ ಬೀಗವಿರಲಿಲ್ಲ. ಕೆಲವು ದಿನ ಕಳೆಯುವಷ್ಟರಲ್ಲಿ ಆ ಕೆಂಪು ಗೋಡೆಯ ಸುಣ್ಣದಷ್ಟೇ ಸಾಮಾನ್ಯವಾಯಿತು. ಒಂದು ಮಧ್ಯಾಹ್ನ ಸೈನೈಡಿನ ಡ್ರಮ್ಮಿನ ಮೇಲೆ ಯಾರದೋ ಟವೆಲ್ಲು ಒಣಗುತ್ತಿತ್ತು. ಅವಳು ಕಿರುಚಿದಾಗ ಟವೆಲ್ಲಿನ ಯಜಮಾನ ಅದನ್ನು ತೆಗೆದು ನೀರಿನ ಡ್ರಮ್ಮಿನ ಮೇಲೆ ಹಾಕಿದ. "ಅದೂ ಕೆಂಪು, ಇದೂ ಕೆಂಪು. ಎಲ್ಲಿ ಆಕ್ಬೇಕು ಹೇಳಿ ಮೇಡಂ" ಎಂದ. ಅವನ ಮುಖದಲ್ಲಿ ಕುಚೋದ್ಯವಿರಲಿಲ್ಲ, ನಿಜವಾಗಿಯೂ ಕೇಳುತ್ತಿದ್ದ. ಅವಳಿಗೆ ಆ ದಿನ ಊಟ ಸೇರಲಿಲ್ಲ.

ಆಯುಧಪೂಜೆಯ ಹಿಂದಿನ ದಿನ ಕೆಲಸ ಅರ್ಧಕ್ಕೇ ನಿಂತಿತು. ಅಪ್ಪಾಸಾಹೇಬರು ಬೂದುಗುಂಬಳ, ಬಾಳೆಕಂದು, ಸೇವಂತಿಗೆ ಹೂವಿಗೆಂದು ಮಾರ್ಕೆಟ್ಟಿಗೆ ಹೋಗಿದ್ದರು. ಶೆಡ್ಡು ತೊಳೆಯುವ, ಬೆಳಗುವ ಯಜಮಾನಿಕೆ ಪ್ರತಿ ವರ್ಷದಂತೆ ಪಿಳ್ಳಪ್ಪನದು. ಮುನಿಗಂಗಮ್ಮ ತನ್ನ ಗಾಜಿನ ಸಾಮಾನು ತೊಳೆದಿಟ್ಟು ಹೊರಗೆ ಬಂದವಳು ಮೂಗು ಅರಳಿಸಿ ನಿಂತಳು. ಶೆಡ್ಡಿನಲ್ಲಿ ಅಡುಗೆಮನೆಯ ವಾಸನೆ. ತಾಮ್ರದ ತೊಟ್ಟಿಯ ಪಕ್ಕದಲ್ಲಿ ಎರಡು ಬಕೆಟ್ಟು, ತುಂಬ ಕಿವುಚಿದ ಹುಣಸೆಹಣ್ಣು.

"ಇದೇನು ಪಿಳ್ಳಪ್ಪಣ್ಣ?"

"ಉಣಿಸೆಅಣ್ಣು. ನಮ್ಮ ಮಾವನ ಮನೆ ಉಣಸಮಾರನಳ್ಳೀದು, ಒಸದು. ತಾಮ್ರದ ಸರಳು ಮಂಕು ಬಡ್ಕೊಂಡವೆ, ನೋಡಿ. ಉಜ್ಜಿದ್ರೆ ಗೌರಮ್ಮನ ಕಳಸ ಇದ್ದಂಗೆ ಒಳೀತವೆ."

ತೊಟ್ಟಿಯ ಮೇಲೆ ಅಡ್ಡಡ್ಡ ಮಲಗಿದ್ದ ಆ ಸರಳುಗಳ ಮೂಲಕವೇ ಸಾಮಾನಿಗೆ ಕರೆಂಟು ಹರಿಯುವುದು. ಯುಗಾದಿಯಿಂದ ಈಚೆಗೆ ತೊಟ್ಟಿಯ ದ್ರಾವಣ ಅವುಗಳ ಮೇಲೆ ಚಿಮ್ಮಿ ಚಿಮ್ಮಿ ಒಣಗಿ, ಮೈತುಂಬ ಬಿಳಿಯ ಹಕ್ಕಳೆ ಕಟ್ಟಿತ್ತು. ಆ ಹಕ್ಕಳೆ ಸೈನೈಡು. ಹುಣಸೆಹಣ್ಣು ಹುಳಿ. ಸೈನೈಡಿಗೆ ಹುಳಿ ತಾಗಿದರೆ ಏಳುವ ಗಾಳಿಯನ್ನು ಮೂಗಿಗೆ ಅಷ್ಟು ಹತ್ತಿರದಲ್ಲಿ ಎಳೆದುಕೊಂಡವನಿಗೆ ಹಬ್ಬವಿಲ್ಲ. ಪಿಳ್ಳಪ್ಪ ಆಗಲೇ ತೆಂಗಿನ ನಾರನ್ನು ಬಕೆಟ್ಟಿಗೆ ಅದ್ದಿ ಹಿಂಡುತ್ತಿದ್ದ.

"ಬೇಡ! ಮುಟ್ಟಬೇಡಿ! ಅಪಾಯ!"

ಎಲ್ಲರೂ ಅವಳ ಕಡೆ ತಿರುಗಿದರು. ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಉಣಿಸೆಅಣ್ಣಿಗೂ ಕೆಂಪಾ ಮೇಡಮ್ಮ?" ಎಂದ ಪಿಳ್ಳಪ್ಪ ಮೆಲ್ಲಗೆ.

ಬಿದ್ದ ನಗೆಗೆ ಶೀಟು ಅದುರಿತು. ಮುರಿಗೆಪ್ಪ ಕಣ್ಣೊರೆಸಿಕೊಂಡು, "ಅನ್ನಕ್ಕ, ಸಾರಿಗೆ ಎಲ್ಲಾಕ್ಕೂ ಹಚ್ಚಿಬಿಡ್ರಿ ಬಾಯಾರ, ಒಮ್ಮೆ ಮುಗದು ಹೋಗ್ಲಿ" ಎಂದ.

"ನಿಕ್ಕಲ್ ತೊಟ್ಟಿ ಸರಳನ್ನ ಇಷ್ಟು ವರ್ಷ ಇದರಾಗೇ ತಿಕ್ಕಿದೀವಿ. ಯಾರು ಸತ್ತವ್ರೆ?" ಎಂದು ಪಿಳ್ಳಪ್ಪ ಕೇಳಿದ.

"ನಿಕ್ಕಲ್ ಬೇರೆ, ಇದು ಬೇರೆ. ಇದು ನಿಜವಾಗಿಯೂ ಅಪಾಯ."

ಹೇಳಿದವಳಿಗೇ ತನ್ನ ಮಾತು ಕಿವಿಗೆ ಬಿತ್ತು. ನಿಜವಾಗಿಯೂ ಅಪಾಯ. ಹಾಗಾದರೆ ಮಿಕ್ಕ ಕೆಂಪೆಲ್ಲ ಏನು? ಇಷ್ಟು ದಿನ ಎಲ್ಲದಕ್ಕೂ ಒಂದೇ ದನಿಯಲ್ಲಿ ಕೂಗಿದವಳಿಗೆ ಈಗ ಕೂಗಲು ಬೇರೆ ದನಿಯೇ ಉಳಿದಿರಲಿಲ್ಲ.

ಮುನಿಗಂಗಮ್ಮ ತಿರುಗಿ ತನ್ನ ಕೋಣೆಗೆ ಓಡಿದಳು. ಅತ್ತಳೇನೋ ಎಂದು ಮುರಿಗೆಪ್ಪನಿಗೆ ಕೆಡುಕೆನಿಸಿ, "ಏ ಪಿಳ್ಳಪ್ಪ, ತಡಿಯೋ ಸ್ವಲ್ಪ" ಎಂದು ಅವನ ತೋಳು ಹಿಡಿದ. ಅವಳು ಅಳುತ್ತಿರಲಿಲ್ಲ, ಚಮಚದ ಹಿಡಿಯಿಂದ ಹಸಿರು ಡಬ್ಬಿಯ ಮುಚ್ಚಳ ಎಬ್ಬುತ್ತಿದ್ದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಹಸಿರು ಹಳದಿ ಡಬ್ಬಿಗಳೆರಡನ್ನೂ ಹಿಡಿದು ಹೊರಬಂದವಳೇ ಸೀದಾ ನೀರಿನ ಡ್ರಮ್ಮಿನ ಹತ್ತಿರ ಹೋಗಿ, ಕೆಂಪಿನ ಮೇಲೆ ಹಸಿರು ಬಳಿದಳು.

"ನೀರು. ಕುಡಿಯಬಹುದು" ಎಂದಳು.

ಅವಳು ಮರದ ಹೊಟ್ಟಿನ ಪೆಟ್ಟಿಗೆಯ ಬಳಿ ಹೋದಳು. "ಬೀಡಿ ದೂರ ಇರಲಿ. ಹಳದಿ." ಸೋಡಾದ ಮೂಟೆಗೂ ಹಳದಿ. ಪೊರಕೆಯ ಹಿಡಿಗೆ ಯಾಕೆ ಕೆಂಪು ಬಳಿದಿದ್ದಳೋ ಅವಳಿಗೇ ನೆನಪಿರಲಿಲ್ಲ. ಹಸಿರು.

"ಅಮ್ಮಯ್ಯ! ಮೇಡಮ್ಮ ಅಸಿರು ಬಳೀತಾವ್ರೆ ಕಣ್ರೋ!" ಎಂದು ಪಿಳ್ಳಪ್ಪ ನಾರು ಕೆಳಗಿಟ್ಟು ಬಂದ. ಅದೊಂದು ಆಟವೇ ಆಯಿತು. "ಇದು?" "ಹಸಿರು." "ಈ ಗ್ರೀಸು?" "ಹಳದಿ. ಕಾಲು ಜಾರುತ್ತೆ." "ಮುರಿಗೆಪ್ಪ?" "ಹಳದಿ" ಎಂದಳು ಮುನಿಗಂಗಮ್ಮ ಯೋಚಿಸದೆ. ಮುರಿಗೆಪ್ಪನೇ ಎಲ್ಲರಿಗಿಂತ ಜೋರಾಗಿ ನಕ್ಕ. ಒಂದೊಂದು ಹಸಿರು ಬಳಿದ ಮೇಲೂ ಅವಳು ಒಮ್ಮೆ ತಿರುಗಿ ನೋಡುತ್ತಿದ್ದಳು, ಆದರೂ ಕೈ ನಿಲ್ಲಲಿಲ್ಲ.

ಕೊನೆಗೆ ಹುಣಸೆಹಣ್ಣಿನ ಬಕೆಟ್ಟುಗಳ ಮುಂದೆ ಬಂದು ನಿಂತಳು. ಎಲ್ಲರೂ ಕತ್ತು ಚಾಚಿದರು. ಅವಳು ಎರಡಕ್ಕೂ ಹಸಿರು ಬಳಿದಳು.

"ಅಂಗಂದ್ರೆ ಉಜ್ಜಬೋದು" ಎಂದ ಪಿಳ್ಳಪ್ಪ, ಗೆದ್ದವನ ಹಾಗೆ.

"ಇರಿ." ಸೋಡಾದ ಮೂಟೆಯಿಂದ ಒಂದು ಹಿಡಿ ತೆಗೆದು ಬಕೆಟ್ಟಿಗೆ ಹಾಕಿದಳು. ಹುಣಸೆನೀರು ಬುಸ್ಸೆಂದು ಉಕ್ಕಿ, ಕಂದು ನೊರೆ ಅಂಚು ದಾಟಿತು. ಮುಂದೆ ಬಗ್ಗಿದ್ದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಹುಣಸೆಹಣ್ಣು ಸಾಧು. ಸೋಡಾ ಪರವಾಗಿಲ್ಲ. ಎರಡೂ ಸೇರಿದರೆ ನೋಡಿ, ಒಳಗಿದ್ದ ಗ್ಯಾಸು ಎದ್ದು ಬಂತು. ಇದು ಗೋಲಿಸೋಡಾದಲ್ಲಿರೋ ಗ್ಯಾಸು, ಕುಡಿದರೂ ತೇಗು ಬರುತ್ತೆ ಅಷ್ಟೆ. ಈ ಸರಳಿನ ಮೇಲಿರೋ ಬಿಳೀದಕ್ಕೆ ಹುಳಿ ತಾಗಿದರೂ ಗ್ಯಾಸು ಏಳುತ್ತೆ. ನೊರೆ ಬರೋಲ್ಲ, ಸದ್ದು ಮಾಡೋಲ್ಲ."

"ವಾಸನೆ ಎಂಗಿರ್ತದೆ?" ಪಿಳ್ಳಪ್ಪನ ದನಿ ಇಳಿದಿತ್ತು.

"ಬಾದಾಮಿ ಥರ ಅಂತ ಪುಸ್ತಕದಲ್ಲಿದೆ. ಕೆಲವರ ಮೂಗಿಗೆ ಗೊತ್ತೇ ಆಗೋಲ್ಲವಂತೆ. ಗೊತ್ತಾಗೋವರೆಗೆ ಕಾಯಬೇಕಾ, ಪಿಳ್ಳಪ್ಪಣ್ಣ?"

ಮುರಿಗೆಪ್ಪ ತೊಟ್ಟಿಯನ್ನೊಮ್ಮೆ, ಬಕೆಟ್ಟನ್ನೊಮ್ಮೆ ನೋಡಿ, ಎದೆ ಮೇಲಿನ ಲಿಂಗವನ್ನು ಅಂಗಿಯ ಮೇಲಿಂದಲೇ ಮುಟ್ಟಿಕೊಂಡ.

ಪಿಳ್ಳಪ್ಪನ ಕಷ್ಟ ಮಾತ್ರ ಮುಗಿದಿರಲಿಲ್ಲ. "ಅದೆಲ್ಲ ಸರಿ ತಾಯಿ. ನಾಳೆ ಪೂಜೆ. ಎಲ್ಲಾ ಒಳೀತಾ ಇದ್ದು, ಒಸಾ ತೊಟ್ಟಿ ಒಂದೇ ಮಂಕಾಗಿ ಕೂತಿದ್ರೆ ದೇವ್ರಿಗೆ ಏನಂತ ಆರತಿ ಎತ್ಲಿ?"

ಅವಳು ಯೋಚಿಸಿದಳು. "ಕರೆಂಟು ತೆಗೆಸಿ, ಸರಳನ್ನ ಮೊದಲು ಬರೀ ನೀರಲ್ಲಿ ಚೆನ್ನಾಗಿ ತೊಳೀಬೇಕು, ರಬ್ಬರ್ ಗ್ಲೌಸು ಹಾಕ್ಕೊಂಡು. ಆಮೇಲೆ ಬೂದಿ. ಟೀ ಅಂಗಡಿ ಒಲೇದು. ಬೂದಿಗೆ ಹುಳಿ ಇಲ್ಲ."

"ಬೂದಿ ಯಾವ ಬಣ್ಣ?"

ಬೂದಿ. ಕಣ್ಣಿಗೆ ಹಾರಿದರೆ. ಉಸಿರಿಗೆ ಹೋದರೆ. ಒಳಗೆ ಕೆಂಡ ಉಳಿದಿದ್ದರೆ. ಅವಳ ನಾಲಿಗೆಯ ತುದಿಗೆ ಇಷ್ಟೂ ಒಟ್ಟಿಗೆ ಬಂದವು. ಎಲ್ಲರೂ ಅವಳ ಬಾಯನ್ನೇ ನೋಡುತ್ತಿದ್ದರು. ಬೂದಿಯನ್ನೂ ಕೆಂಪಿಗೆ ಸೇರಿಸಿದರೆ ಹುಣಸೆಹಣ್ಣಿನ ಮಾತು ಈಗಿಂದೀಗಲೇ ನೀರು ಪಾಲಾಗುತ್ತದೆ ಎಂದು ಅವಳಿಗೆ ಗೊತ್ತಿತ್ತು.

"ಹಸಿರು" ಎಂದಳು. ಅಷ್ಟೇ ಹೇಳಿ ಬಾಯಿ ಮುಚ್ಚಿಕೊಂಡಳು.

ಪಿಳ್ಳಪ್ಪ ತೃಪ್ತನಾಗಿ ತಲೆಯಾಡಿಸಿ, ಬಕೆಟ್ಟುಗಳನ್ನೆತ್ತಿ ಸಹಜವಾಗಿ ತೊಟ್ಟಿಯ ಪಕ್ಕದ ಮೋರಿಯ ಕಡೆಗೆ ನಡೆದ. ತಾಮ್ರದ ತೊಟ್ಟಿಯಿಂದ ತೊಟ್ಟಿಕ್ಕಿದ್ದೆಲ್ಲ ಹೋಗುವುದು ಅದೇ ಮೋರಿಗೆ. ಮುನಿಗಂಗಮ್ಮನ ಗಂಟಲಲ್ಲಿ ಕೂಗು ಹುಟ್ಟುವಷ್ಟರಲ್ಲಿ ಇಡೀ ಶೆಡ್ಡು ಕೂಗಿತು.

"ಏ ಏ ಏ! ಅಲ್ಲಿ ಬ್ಯಾಡೋ ಮಾರಾಯಾ!" ಮುರಿಗೆಪ್ಪ ಹಾರಿ ಅವನ ಶರಟಿನ ಕಾಲರು ಹಿಡಿದಿದ್ದ. "ಮೋರ್ಯಾಗ ಏನೈತಿ? ಅದs ಐತಿ!"

ಪಿಳ್ಳಪ್ಪ ಗರ ಬಡಿದವನಂತೆ ನಿಂತ. ಆಮೇಲೆ ಕೂಸನ್ನು ಎತ್ತಿಕೊಂಡವರ ಹಾಗೆ ಬಕೆಟ್ಟುಗಳನ್ನು ಹಿಡಿದು ನಡೆದ. ಅವನ ಹಿಂದೆ ಮುರಿಗೆಪ್ಪ, ಅವನ ಹಿಂದೆ ಉಳಿದವರು, ಎಲ್ಲರೂ ಒಂದು ಹನಿ ತುಳುಕಿದರೂ ಬಯ್ಯುತ್ತ ಶೆಡ್ಡು ದಾಟಿ, ಗೇಟು ದಾಟಿ, ರಸ್ತೆಯಾಚೆಯ ಹೊಂಗೆಮರದವರೆಗೆ ಮೆರವಣಿಗೆ ಹೊರಟರು. ಮುನಿಗಂಗಮ್ಮ ಹಸಿರು ಬ್ರಷ್ ಹಿಡಿದುಕೊಂಡೇ ಹಿಂಬಾಲಿಸಿದಳು.

ಮರದ ಬುಡದಲ್ಲಿ ಪಿಳ್ಳಪ್ಪ ಬಕೆಟ್ಟು ಬಗ್ಗಿಸಲು ಹೋಗಿ ನಿಂತ. ಮರವನ್ನು ಕೆಳಗಿನಿಂದ ಮೇಲಿನವರೆಗೆ ನೋಡಿದ. ನೆರಳಲ್ಲಿ ಮಲಗಿದ್ದ ನಾಯಿಯನ್ನು ಕಾಲಿನಿಂದ ಮೆಲ್ಲಗೆ ಆಚೆಗೆ ತಳ್ಳಿದ.

"ಮೇಡಮ್ಮ, ಮರಕ್ಕೇನೂ ಆಗಾಕಿಲ್ಲ ತಾನೆ? ಬೇರು ಗೀರು ಸುಟ್ಟೋದ್ರೆ? ಸೋಡಾ ಬೇರೆ ಬೆರೆಸಿದೀರ."

"ಸುರೀರಿ ಪಿಳ್ಳಪ್ಪಣ್ಣ."

"ಅಲ್ಲ, ನಾಯಿ ಬಂದು ನೆಕ್ಕಿಗಿಕ್ಕಿದ್ರೆ?"

"ಒಳ್ಳೆ ಪುಕ್ಕಲು ಕಣ್ರೀ ನೀವು" ಎಂದಳು ಮುನಿಗಂಗಮ್ಮ. "ಸುರೀರಿ ಅಂದ್ನಲ್ಲ!"